ಹೆಬ್ಬೆರಳಿಗೆ ಕಟ್ಟಿದ ಲೆಕ್ಕ

2023ರ ಡಿಸೆಂಬರ್ 4ರ ಸಂಜೆ ವಿಜಯಪುರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದ ಮೆಕ್ಕೆಜೋಳ ಸಂಸ್ಕರಣಾ ಘಟಕವೊಂದರಲ್ಲಿ ದಾಸ್ತಾನು ಕುಸಿದು ಕಾರ್ಮಿಕರ ಮೇಲೆ ಬಿತ್ತು. ರಾತ್ರಿಯಿಡೀ ಹುಡುಕಾಟ ನಡೆಯಿತು. ಸತ್ತವರು ಏಳು ಮಂದಿ, ಎಲ್ಲರೂ ದುಡಿಯಲು ಬಿಹಾರದಿಂದ ಬಂದವರು. ಮಂತ್ರಿಗಳು ಬಂದರು, ಪರಿಹಾರ ಘೋಷಣೆಯಾಯಿತು. ಆದರೆ ಅದೇ ನಗರದ ಇಬ್ರಾಹಿಂಪುರದ ಕಡೆಯ ಯಾವುದೋ ಶೆಡ್ಡಿನಲ್ಲಿ ಒಬ್ಬನ ಹೆಬ್ಬೆರಳು ಯಂತ್ರಕ್ಕೆ ಸಿಕ್ಕರೆ ಯಾರೂ ಬರುವುದಿಲ್ಲ. ಅವನಿಗೆ ಉಳಿಯುವುದು ಕಾನೂನು ಒಂದೇ.

ಆ ಕಾನೂನು ಹುಟ್ಟಿದ್ದು 1923ರಲ್ಲಿ. ಅದಕ್ಕೂ ಮೊದಲು ಗಾಯಗೊಂಡವನೇ ಮಾಲಕನ ತಪ್ಪನ್ನು ಸಾಬೀತು ಮಾಡಬೇಕಿತ್ತು. ಬ್ರಿಟನ್ 1897ರಲ್ಲಿ ಆ ಹೊರೆ ಇಳಿಸಿತ್ತು. ಇಲ್ಲಿಯ ಕಾಯ್ದೆಯೂ ಅದೇ ದಾರಿ ಹಿಡಿಯಿತು: ಕೆಲಸದಿಂದ, ಕೆಲಸದ ವೇಳೆಯಲ್ಲಿ ಆದ ಗಾಯಕ್ಕೆ ಮಾಲಕ ದುಡ್ಡು ಕೊಡಬೇಕು, ತಪ್ಪು ಯಾರದೇ ಇರಲಿ.

ಎಷ್ಟು ಕೊಡಬೇಕು? ಕಾಯ್ದೆಯ ಕೊನೆಗೆ ಅಂಗಾಂಗಗಳ ಒಂದು ಪಟ್ಟಿಯಿತ್ತು. ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ಶೇ 30 ನಷ್ಟ. ತೋರುಬೆರಳಿಗೆ 14, ನಡುಬೆರಳಿಗೆ 12, ಕಿರುಬೆರಳಿಗೆ 7. ಒಂದು ಕೈಯ ನಾಲ್ಕೂ ಬೆರಳು ಹೋದರೆ 50. ಇಪ್ಪತ್ತೈದರ ಹುಡುಗನ ಹೆಬ್ಬೆರಳಿನ ಲೆಕ್ಕ ನೋಡಿ. 2020ರಲ್ಲಿ ಕೇಂದ್ರ ನಿಗದಿ ಮಾಡಿದ ತಿಂಗಳ ಕೂಲಿಯ ಮಿತಿ 15,000 ರೂಪಾಯಿ. ಅದರ ಶೇ 60 ಎಂದರೆ 9,000. ಅದನ್ನು ಅವನ ವಯಸ್ಸಿನ ಗುಣಕ 216.91ರಿಂದ ಗುಣಿಸಿ, ಬಂದದ್ದರಲ್ಲಿ ಶೇ 30 ತೆಗೆದರೆ 5,85,657 ರೂಪಾಯಿ. ಮುಂದಿನ ಮೂವತ್ತು ವರ್ಷ ಪಾನಾ ಹಿಡಿಯಲಾಗದ ಕೈಗೆ ಇಷ್ಟು.

ಶೇಕಡಾವಾರು ಲೆಕ್ಕಕ್ಕೆ ಕೈ ಗೊತ್ತು, ಕಸುಬು ಗೊತ್ತಿಲ್ಲ. ಅದನ್ನು ತಿದ್ದಿದ್ದು ಸುಪ್ರೀಂ ಕೋರ್ಟ್, 1975ರಲ್ಲಿ. ಒಡಿಶಾದ ಬಡಗಿಯೊಬ್ಬ ಚಿತ್ರಮಂದಿರದ ಅಲಂಕಾರದ ಕೆಲಸದಲ್ಲಿ ಬಿದ್ದು, ಎಡಗೈಯನ್ನು ಮೊಣಕೈ ಮೇಲಿಂದ ಕತ್ತರಿಸಬೇಕಾಗಿ ಬಂದಿತ್ತು. ಇದು ಭಾಗಶಃ ನಷ್ಟ ಎಂದು ಮಾಲಕರ ವಾದ. ಒಂದೇ ಕೈಯಲ್ಲಿ ಬಡಗಿ ಕೆಲಸ ಆಗದು, ಆದ್ದರಿಂದ ನಷ್ಟ ನೂರಕ್ಕೆ ನೂರು ಎಂದಿತು ನ್ಯಾಯಾಲಯ. ಪರಿಹಾರದ ಹೊಣೆ ಅಪಘಾತದ ದಿನದಿಂದಲೇ ಶುರು ಎಂದೂ ಹೇಳಿತು. ನನ್ನ ಪ್ರಕಾರ ಈ ನೂರು ವರ್ಷಗಳಲ್ಲಿ ಕಾರ್ಮಿಕನ ಪರ ಬಂದ ಅತ್ಯಂತ ವಿವೇಕದ ಮಾತು ಇದು.

ಇಎಸ್‌ಐ ವಿಮೆ ಇದ್ದವರಿಗೆ ದಾರಿ ಬೇರೆ, ಅಲ್ಲಿ ದುಡ್ಡು ಕೊಡುವುದು ಮಾಲಕನಲ್ಲ, ವಿಮಾ ನಿಗಮ. 2025ರ ನವೆಂಬರ್ 21ರಿಂದ 1923ರ ಕಾಯ್ದೆ, ಇಎಸ್‌ಐ ಎರಡೂ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ. ಅಂಗಾಂಗಗಳ ಪಟ್ಟಿಯೂ ಈಗ ಅದರೊಳಗೇ ಇದೆ.

ಕಾನೂನು ಗಟ್ಟಿಯಾಗಿದ್ದರೂ ದುಡ್ಡು ನಿಲ್ಲುವುದು ಹಾಜರಿ ಪುಸ್ತಕದ ಹತ್ತಿರ. ‘ನಮ್ಮ ಆಳಲ್ಲ, ಗುತ್ತಿಗೆದಾರನ ಆಳು’ ಎನ್ನುವ ಮಾತಿಗೆ 1923ರ ಕಾಯ್ದೆಯಲ್ಲೇ ಉತ್ತರವಿತ್ತು: ಗುತ್ತಿಗೆ ಕೊಟ್ಟವನೂ ಹೊಣೆ. ಅರ್ಜಿದಾರ ತಾನು ವಾಸವಿರುವ ಊರಿನಲ್ಲೇ ಅರ್ಜಿ ಹಾಕಬಹುದೆಂದು 1995ರ ತಿದ್ದುಪಡಿ ಹೇಳಿತು, ಹಾಗಾಗಿ ಬಿಹಾರದ ತಾಯಿಯೊಬ್ಬಳು ವಿಜಯಪುರಕ್ಕೆ ಅಲೆಯಬೇಕಿಲ್ಲ. ಆದರೆ ಹೆಸರೇ ಬರೆಯದ ಕಡೆ ಗಾಯಗೊಂಡವನು ಅಲ್ಲಿ ದುಡಿಯುತ್ತಿದ್ದ ಎಂದು ತೋರಿಸುವುದು ಹೇಗೆ? ಫೋನ್‌ಪೇಯಲ್ಲಿ ಬಂದ ಪಗಾರ, ಗೇಟ್ ಪಾಸು, ಜೊತೆಗಾರರ ಸಾಕ್ಷಿ. ಇವೆಲ್ಲಕ್ಕಿಂತ ಮೊದಲು ದವಾಖಾನೆಯ ಚೀಟಿ. ‘ಖರ್ಚು ನಾವು ನೋಡ್ಕೋತೀವಿ, ಮನ್ಯಾಗ ಪೆಟ್ಟಾತು ಅನ್ನು’ ಎಂದು ಜೊತೆಗೆ ಬಂದವರು ಹೇಳುವುದು ಆ ಗಳಿಗೆಯಲ್ಲೇ. ಡಾಕ್ಟರು ಹಾಗೆಯೇ ಬರೆದುಬಿಟ್ಟರೆ, ಆ ಒಂದು ಸಾಲನ್ನು ಅಳಿಸಲು ಅವನು ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕಾಗುತ್ತದೆ.