ಸೋವಿ ಇದ್ದದ್ದಕ್ಕೆ ಗುಮಾನಿ ಯಾಕೆ?

“ಇಷ್ಟು ಸೋವಿಗೆ ಇಷ್ಟು ರುಚಿ ಹೆಂಗ್ ಬರ್ತೈತ್ರೀ? ಏನರೆ ಹಾಕಿರಬೇಕು.”

ಸಂಕೇಶ್ವರದಲ್ಲಿ ಸಂಜೆ ಗಾಡಿಗಳ ಮೇಲೆ ಎಣ್ಣೆ ಕಾಯತೊಡಗಿದರೆ ಈ ಮಾತೂ ಶುರುವಾಗುತ್ತದೆ. ಪುಣೆ–ಬೆಂಗಳೂರು ಹೆದ್ದಾರಿ ಬಿಟ್ಟು ಊರೊಳಗೆ ಬಂದವರು, ಗಡಹಿಂಗ್ಲಜ್ ಮೇಲೆ ಆಂಬೋಲಿ ಘಟ್ಟ ಇಳಿದು ಗೋವೆಗೆ ಹೊರಟವರು ವಡಾಪಾವ್ ಬಾಯಿ ಚಪ್ಪರಿಸಿ ತಿನ್ನುತ್ತಾರೆ. ಕೈ ತೊಳೆಯುತ್ತಲೇ ಇದನ್ನು ಹೇಳುತ್ತಾರೆ. ಊರವರೂ ಹೇಳುತ್ತಾರೆ, ಓದಿದವರು ಇನ್ನೂ ಜೋರಾಗಿ ಹೇಳುತ್ತಾರೆ. ಕೇಳಿ ಕೇಳಿ ನನಗೆ ಬೇಸರ ಬಂದಿದೆ. ಸೋವಿಯಾಗಿದ್ದರೆ ಕಲಬೆರಕೆ, ರುಚಿಯಾಗಿದ್ದರೆ ಪೌಡರು, ಎರಡೂ ಇದ್ದರೆ ವಿಷವೇ ಎಂಬ ಈ ತೀರ್ಮಾನದ ಹಿಂದೆ ಒಬ್ಬರಾದರೂ ಲೆಕ್ಕ ಹಾಕಿ ನೋಡಿದ್ದನ್ನು ನಾನು ಕಂಡಿಲ್ಲ.

ಲೆಕ್ಕ ಹಾಕೋಣ. ಒಂದು ವಡಾಕ್ಕೆ ಬೇಕಾಗುವುದು ಸುಮಾರು 60 ಗ್ರಾಂ ಬಟಾಟಿ. ಕಿಲೋಗೆ 30 ರೂಪಾಯಿ ಹಿಡಿದರೂ 2 ರೂಪಾಯಿ ದಾಟುವುದಿಲ್ಲ. 20 ಗ್ರಾಂ ಕಡಲೆ ಹಿಟ್ಟಿಗೆ 2 ರೂಪಾಯಿ. ಕರಿಯುವಾಗ ಹೀರಿಕೊಳ್ಳುವ ಎಣ್ಣೆ 10 ಗ್ರಾಂ, ಒಂದೂವರೆ ರೂಪಾಯಿ. ಪಾವ್ ಮೂರೋ ನಾಲ್ಕೋ ರೂಪಾಯಿ. ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಗ್ಯಾಸ್ ಎಲ್ಲ ಸೇರಿ 2 ರೂಪಾಯಿ. ಒಟ್ಟು 11 ರೂಪಾಯಿ ಆಸುಪಾಸು. ಅದನ್ನು 15ಕ್ಕೆ ಮಾರಿದರೆ ಉಳಿಯುವುದು 4 ರೂಪಾಯಿ. ದಿನಕ್ಕೆ 200 ವಡಾ ಹೋದರೆ 800 ರೂಪಾಯಿ. ಬೆಳಿಗ್ಗೆ ಬಟಾಟಿ ಕುದಿಸುವುದರಿಂದ ರಾತ್ರಿ ಗಾಡಿ ತಿಕ್ಕುವವರೆಗೆ ಗಂಡ ಹೆಂಡತಿ ಇಬ್ಬರೂ ನಿಂತು ದುಡಿದದ್ದರ ಫಲ ಅದು. ಇದರಲ್ಲಿ ಕಟ್ಟಡದ ಬಾಡಿಗೆ ಇಲ್ಲ, ಮಾಣಿಯ ಪಗಾರ ಇಲ್ಲ, ಫ್ಯಾನು, ಕುರ್ಚಿ, ಫ್ರಿಜ್ಜಿನ ಕರೆಂಟ್ ಬಿಲ್ಲು ಇಲ್ಲ. ಅದೇ ವಡಾ ಒಳಗೆ ಕೂತು ತಿಂದರೆ 40 ರೂಪಾಯಿ ಆಗುವುದು ಈ ಖರ್ಚುಗಳಿಂದ. ಬಟಾಟಿ ಅಲ್ಲೂ ಅದೇ ಸಂತೆಯದು.

ಇನ್ನು ರುಚಿ. ಗಾಡಿಯವರು ಮಾಡುವುದು ಎರಡೋ ಮೂರೋ ತಿನಿಸು. ಅದನ್ನೇ ದಿನಾ, ವರ್ಷಗಟ್ಟಲೆ ಮಾಡಿದ ಕೈಗೆ ಹದ ತಪ್ಪುವುದಿಲ್ಲ. ಕಡಾಯಿಯಿಂದ ತೆಗೆದದ್ದು ನಿಮಿಷದೊಳಗೆ ಬಾಯಿಗೆ ಹೋಗುತ್ತದೆ. ಎಂಥ ದೊಡ್ಡ ಹೋಟೆಲೂ ಅಡುಗೆ ಮನೆಯಿಂದ ಮೇಜಿಗೆ ಅಷ್ಟು ಬಿಸಿ ತಂದುಕೊಡಲಾರದು. ಮೇಲಾಗಿ ನಾವು ಯಾವ ಊರಲ್ಲಿ ಇದ್ದೇವೆ ಎಂಬುದಾದರೂ ನೆನಪಿರಲಿ. ಸಂಕೇಶ್ವರಿ ಮೆಣಸಿನಕಾಯಿಯ ಖಾರವನ್ನು ಕೊಲ್ಲಾಪುರದವರು ತಮ್ಮ ಕಾಂದಾ–ಲಸೂಣ ಮಸಾಲೆಗೆ ಹುಡುಕಿಕೊಂಡು ಒಯ್ಯುತ್ತಾರೆ. ಆ ಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿ, ಒಣಕೊಬ್ಬರಿ, ಉಪ್ಪು ಸೇರಿದ ಕೆಂಪು ಚಟ್ನಿ ನಾಲಿಗೆಗೆ ಹತ್ತಿದ ಮೇಲೂ ರುಚಿಗೆ ಬೇರೆ ಕಾರಣ ಹುಡುಕುವುದೇತಕ್ಕೆ?

“ಹಂಗಾದ್ರ ನನ್ನ ಹೊಟ್ಟಿ ಯಾಕ ಕೆಡ್ತು?” ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ಇಲ್ಲಿಯೇ ದೊಡ್ಡ ಎಡವಟ್ಟು. ಹೊಟ್ಟೆ ಕೆಟ್ಟಾಗ ನಾವು ಕಟ್ಟಕಡೆಗೆ ತಿಂದದ್ದನ್ನು ಹಿಡಿದು ದೂರುತ್ತೇವೆ. ಅದರಲ್ಲೂ ಹೊರಗೆ ತಿಂದದ್ದನ್ನು. ರೋಗಾಣುಗಳಿಗೆ ಅವುಗಳದೇ ಲೆಕ್ಕವಿದೆ. ಹೆಪಟೈಟಿಸ್ ಎ ಎಂಬ ಕಾಮಾಲೆಯ ವೈರಸ್ ಒಳಹೊಕ್ಕ ಮೇಲೆ ಲಕ್ಷಣ ಕಾಣಿಸಲು 15ರಿಂದ 50 ದಿನ ಬೇಕು, ಸರಾಸರಿ 28 ದಿನ. ಟೈಫಾಯ್ಡ್‌ಗೆ ಸಾಮಾನ್ಯವಾಗಿ ಒಂದರಿಂದ ಮೂರು ವಾರ. ಅಂದರೆ ನಿನ್ನೆ ರಾತ್ರಿ ತಿಂದ ಭಜಿಯಿಂದ ಇವತ್ತು ಕಣ್ಣು ಹಳದಿಯಾಗುವುದು ಸಾಧ್ಯವೇ ಇಲ್ಲ. ಹೋದ ತಿಂಗಳ ಮದುವೆ ಮನೆಯ ನೀರೋ, ಜಾತ್ರೆಯ ಐಸೋ, ಸ್ವಂತ ಮನೆಯ ನಲ್ಲಿಯೋ ಕಾರಣವಿದ್ದೀತು. ಆದರೆ ಹೋದ ತಿಂಗಳು ಏನು ಕುಡಿದೆವು ಎಂಬುದು ಯಾರಿಗೆ ನೆನಪಿರುತ್ತದೆ? ನೆನಪಿರುವುದು ನಿನ್ನೆಯ ಗಾಡಿ. ಅಪವಾದ ಅದರ ತಲೆಗೆ ಬರುತ್ತದೆ, ಓಣಿಯಿಡೀ ಹಬ್ಬುತ್ತದೆ, ಒಂದು ಮನೆಯ ಅನ್ನ ಹೋಗುತ್ತದೆ.

ತಿಂದ ಕೆಲವೇ ತಾಸಿನಲ್ಲಿ ವಾಂತಿಯಾಗುವುದೂ ಉಂಟು. ಅದಕ್ಕೆ ಹೆಚ್ಚಾಗಿ ಕಾರಣವಾಗುವುದು ಬೇಯಿಸಿ ಹಾಗೇ ಇಟ್ಟ ಆಹಾರದಲ್ಲಿ ಬ್ಯಾಕ್ಟೀರಿಯಾ ಬೆಳೆದು ಬಿಟ್ಟ ವಿಷ. ಮಧ್ಯಾಹ್ನದ ಅನ್ನವನ್ನು ಮುಚ್ಚಿಟ್ಟು ಸಂಜೆ ಎಗ್ ರೈಸ್ ಮಾಡಿದರೆ ಈ ಅಪಾಯವಿದೆ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಕುದಿಯುವ ನೀರಿನಲ್ಲೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಕೂತಾಗ ಮೊಳೆಯುತ್ತವೆ. ಅವು ಬಿಟ್ಟ ವಾಂತಿಯ ವಿಷ ಮತ್ತೆ ಹುರಿದರೂ ನಾಶವಾಗುವುದಿಲ್ಲ. ಗಾಡಿಯ ಅನ್ನಕ್ಕೂ ಮನೆಯ ಅನ್ನಕ್ಕೂ ಈ ನಿಯಮ ಒಂದೇ. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣತೆಯಲ್ಲಿ ಆಹಾರ ಎಷ್ಟು ಹೊತ್ತು ಕೂತಿತು ಎಂಬುದೇ ಇಲ್ಲಿ ಮುಖ್ಯ.

ಈ ದೃಷ್ಟಿಯಿಂದ ಗಾಡಿಯನ್ನು ನೋಡಿದರೆ ನಮ್ಮ ಹೆದರಿಕೆ ಪೂರಾ ತಲೆಕೆಳಗಾಗಿದೆ ಎಂದು ಗೊತ್ತಾಗುತ್ತದೆ. ಸುಮಾರು 180 ಡಿಗ್ರಿ ಎಣ್ಣೆಯಲ್ಲಿ ಮುಳುಗಿ ಎದ್ದ ಮಿರ್ಚಿ ಭಜಿಗೆ ಹೆದರುತ್ತೇವೆ. ಅದು ಇಡೀ ಗಾಡಿಯಲ್ಲೇ ಅತಿ ನಿರಪಾಯದ ವಸ್ತು. ಅದರ ಪಕ್ಕ ಬೆಳಿಗ್ಗೆ ರುಬ್ಬಿಟ್ಟ ಹಸಿರು ಚಟ್ನಿ, ಹೆಚ್ಚಿಟ್ಟ ಉಳ್ಳಾಗಡ್ಡಿ, ಕುಡಿಯುವ ನೀರಿನ ಜಗ್ಗು, ಒಂದೇ ಬಕೆಟ್ ನೀರಿನಲ್ಲಿ ಅದ್ದಿ ತೆಗೆದ ಪ್ಲೇಟು ಇವುಗಳ ಬಗ್ಗೆ ಚಕಾರ ಎತ್ತದೆ “ಚಟ್ನಿ ಇನ್ನೊಂಚೂರು ಹಾಕ್ರೀ” ಎನ್ನುತ್ತೇವೆ. ಪಾನಿಪುರಿಯ ಪುರಿ ನಿರಪಾಯ, ಪಾನಿಯನ್ನು ನೋಡಬೇಕು. ಗಾಡಿ ಆರಿಸುವಾಗ ನಾನು ನೋಡುವುದು ಗಿರಾಕಿಗಳ ಗದ್ದಲ, ಎದುರಿಗೇ ಕರಿದು ಕೊಡುವ ರೂಢಿ, ನೀರು ಬರುವ ಮೂಲ. ಗಾಡಿಯ ಬಣ್ಣ ಮಾಸಿದ್ದರೆ ಏನೂ ತೊಂದರೆ ಇಲ್ಲ.

ಎಣ್ಣೆಯ ಮೇಲಿನ ಅನುಮಾನ ಮಾತ್ರ ನ್ಯಾಯವಾದದ್ದು. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಸೇರಿಕೊಳ್ಳುವ ಪೋಲಾರ್ ಸಂಯುಕ್ತಗಳು ಶೇ. 25 ದಾಟಬಾರದೆಂಬ ನಿಯಮ 2018ರ ಜುಲೈ 1ರಿಂದ ದೇಶದಲ್ಲಿ ಜಾರಿಯಲ್ಲಿದೆ, ಗಾಡಿಗೂ ತಾರಾ ಹೋಟೆಲಿಗೂ. ನೊರೆ ಏಳುವ, ಬೇಗ ಹೊಗೆಯಾಡುವ, ಜಿಗಟಾದ ಎಣ್ಣೆ ಕಂಡರೆ ಮುಂದೆ ನಡೆಯಿರಿ. ಗಾಡಿಯ ಕಡಾಯಿ ನಮ್ಮ ಕಣ್ಣೆದುರಿಗೇ ಇರುತ್ತದಲ್ಲ, ನೋಡಲು ಅಡ್ಡಿ ಏನು? ಹೋಟೆಲಿನ ಕಡಾಯಿ ಕಂಡವರು ಎಷ್ಟು ಮಂದಿ? ಭಜಿಯನ್ನು ಪತ್ರಿಕೆಯ ಹಾಳೆಯಲ್ಲಿ ಕಟ್ಟಿಸಿಕೊಳ್ಳುವುದು ಮಾತ್ರ ಬೇಡವೇ ಬೇಡ. ಮಸಿ ಎಣ್ಣೆಗೆ ಇಳಿಯುತ್ತದೆ.

ಬಣ್ಣದ ವಿಷಯವನ್ನೂ ಮುಚ್ಚಿಡಲಾರೆ. 2024ರ ಮಾರ್ಚ್‌ನಲ್ಲಿ ರಾಜ್ಯ ಆರೋಗ್ಯ ಇಲಾಖೆ ಗೋಬಿ ಮಂಚೂರಿಯ 171 ಮಾದರಿ ಪರೀಕ್ಷಿಸಿದಾಗ 107ರಲ್ಲಿ ಕೃತಕ ಬಣ್ಣ ಸಿಕ್ಕಿ ಅಸುರಕ್ಷಿತವೆಂದಾಯಿತು. ಬಾಂಬೆ ಮಿಠಾಯಿಯಲ್ಲಿ ಬಟ್ಟೆಗೆ ಹಾಕುವ ರೋಡಮಿನ್–ಬಿ ಇತ್ತು. ಅದು ತಪ್ಪು, ಶಿಕ್ಷೆಯಾಗಲಿ. ಆದರೆ ಅಂದಿನಿಂದ “ಸರಕಾರ ಗೋಬಿ ಬ್ಯಾನ್ ಮಾಡೇತಿ” ಎಂದು ಹೇಳಿಕೊಂಡು ತಿರುಗುವವರು ಆದೇಶವನ್ನು ಓದಿಲ್ಲ. ನಿಷೇಧವಾದದ್ದು ಬಣ್ಣ, ಬಣ್ಣವಿಲ್ಲದ ಗೋಬಿಯನ್ನು ಯಾರೂ ತಡೆದಿಲ್ಲ. ಆ ಬಣ್ಣ ಬಂದದ್ದಾದರೂ ಹೇಗೆ? ಕೆಂಪಗಿದ್ದರೆ ಖಾರ, ಕೆಂಪಗಿದ್ದರೆ ರುಚಿ ಎಂದು ಗಿರಾಕಿಗಳೇ ನಂಬಿ ಕೇಳಿದ್ದರಿಂದ. ಬ್ಯಾಡಗಿ ಕಡುಗೆಂಪು, ಖಾರ ಕಡಿಮೆ. ನಮ್ಮ ಸಂಕೇಶ್ವರಿಗೆ ಖಾರವೇ ಬಂಡವಾಳ. ಬಣ್ಣ ಬೇರೆ, ಖಾರ ಬೇರೆ ಎಂದು ಈ ಊರಿನವರಿಗೇ ಹೇಳಿಕೊಡಬೇಕಾಗಿ ಬಂದಿರುವುದು ನನಗೆ ನೋವಿನ ಸಂಗತಿ. ಮನೆಯ ಖಾರಪುಡಿ ಪರೀಕ್ಷಿಸಬೇಕೆಂದರೆ ಗಾಜಿನ ಲೋಟದ ನೀರಿನ ಮೇಲೆ ಚಿಟಿಕೆ ಉದುರಿಸಿ. ನೀರಿನಲ್ಲಿ ಕರಗುವ ಕೃತಕ ಬಣ್ಣ ಬೆರೆಸಿದ್ದರೆ ಗೆರೆಗೆರೆಯಾಗಿ ಕೆಳಗಿಳಿಯುತ್ತದೆ. ಮೆಣಸಿನಕಾಯಿಯ ಸ್ವಂತ ಬಣ್ಣ ಎಣ್ಣೆಯಲ್ಲಿ ಕರಗುವಂಥದು.

ಉಳಿದ ನಂಬಿಕೆಗಳಿಗೆ ಹೆಚ್ಚು ಜಾಗ ಕೊಡಲಾರೆ. ಟೇಸ್ಟಿಂಗ್ ಪೌಡರು ರಾಸಾಯನಿಕ ವಿಷವೆಂಬುದು ಸುಳ್ಳು: ಅದರಲ್ಲಿರುವ, 1908ರಲ್ಲಿ ಜಪಾನಿನ ಕಿಕುನೆ ಇಕೆಡಾ ಸಮುದ್ರ ಪಾಚಿಯ ಸಾರಿನಲ್ಲಿ ಗುರುತಿಸಿದ ಗ್ಲುಟಮೇಟ್ ಟೊಮೆಟೊದಲ್ಲೂ ತಾಯಿಯ ಹಾಲಿನಲ್ಲೂ ಇದೆ, ಇಂದು ಆ ಪೌಡರು ತಯಾರಾಗುವುದು ಕಬ್ಬಿನ ಕಾಕಂಬಿಯನ್ನೋ ಪಿಷ್ಟವನ್ನೋ ಹುಳಿಸಿ; ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆಯ ಊರಿಗೆ ಕಾಕಂಬಿ ಎಂದರೆ ಏನೆಂದು ವಿವರಿಸಬೇಕಿಲ್ಲ. ಖಾರ ತಿಂದರೆ ಅಲ್ಸರ್ ಆಗುತ್ತದೆಂಬುದೂ ತಪ್ಪು: ಬಹುಪಾಲು ಅಲ್ಸರ್‌ಗೆ ಕಾರಣ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ ಮತ್ತು ನೋವಿನ ಗುಳಿಗೆಗಳು, ಆ ಬ್ಯಾಕ್ಟೀರಿಯಾ ಕಂಡುಹಿಡಿದ ಮಾರ್ಷಲ್ ಮತ್ತು ವಾರೆನ್‌ಗೆ 2005ರಲ್ಲಿ ನೊಬೆಲ್ ಬಂದಿದೆ. ಬಟಾಟಿ, ಮೆಣಸಿನಕಾಯಿ, ಪಾವ್ ಮೂರೂ ಪೋರ್ಚುಗೀಸರ ಕಾಲದಲ್ಲಿ ಬಂದವಾದ್ದರಿಂದ ವಡಾಪಾವ್ ನಮ್ಮ ಪೂರ್ವಜರ ಆಹಾರವೆಂಬ ಮಾತೂ ನಿಲ್ಲುವುದಿಲ್ಲ.

ಇದೆಲ್ಲ ಹುಟ್ಟುವುದು ಎಲ್ಲಿ ಎಂದು ನೋಡಿದರೆ ಅದೇ ಮೊಬೈಲು. ಪ್ಲಾಸ್ಟಿಕ್ ತತ್ತಿ, ಪ್ಲಾಸ್ಟಿಕ್ ಅಕ್ಕಿ, ಪ್ಲಾಸ್ಟಿಕ್ ಎಲೆಕೋಸು. ರೇಷನ್ ಅಕ್ಕಿಯಲ್ಲಿ ನೂರಕ್ಕೊಂದರಂತೆ ಬೆರೆಸಿದ ಸಾರವರ್ಧಿತ ಕಾಳು ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಕೊಡಲೆಂದು ಹಾಕಿದ್ದು. ನೀರಿನಲ್ಲಿ ತೇಲಿತೆಂದು ತಾಯಂದಿರು ಅದನ್ನು ಆರಿಸಿ ಎಸೆಯುತ್ತಾರೆ. ರಕ್ತಹೀನತೆ ಇರುವ ಮಗಳ ತಾಟಿನಿಂದ ಕಬ್ಬಿಣವನ್ನು ಎತ್ತಿ ಬಿಸಾಡಿದಂತಾಯಿತಲ್ಲ! ಅಕ್ಕಿಗಿಂತ ಪ್ಲಾಸ್ಟಿಕ್ಕೇ ತುಟ್ಟಿ, ಯಾರು ಬೆರೆಸಿಯಾರು ಎಂದು ಒಬ್ಬರೂ ಕೇಳುವುದಿಲ್ಲ. ಬಡವರು ಮಾರಿದ್ದು, ಬಡವರಿಗೆ ಸರಕಾರ ಕೊಟ್ಟದ್ದು ಎಂದ ಕೂಡಲೇ ಗುಮಾನಿ. ಹೊಳೆಯುವ ಪೊಟ್ಟಣದಲ್ಲಿ ಬಂದರೆ ಹಿಂದಿನ ಸಣ್ಣಕ್ಷರ ಓದುವ ತಾಳ್ಮೆಯೂ ಇಲ್ಲ.

ಗಾಡಿಯವರಿಂದ ಸ್ವಚ್ಛತೆ ಕೇಳುವುದು ನಮ್ಮ ಹಕ್ಕು, ಕೇಳಲೇಬೇಕು. ಆದರೆ ಶುದ್ಧ ನೀರನ್ನು ಅವರು ಎಲ್ಲಿಂದ ತರಬೇಕು? 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪಟ್ಟಣ ವ್ಯಾಪಾರ ಸಮಿತಿ, ನಿಗದಿತ ಜಾಗ ಎಂದೆಲ್ಲ ಹೇಳುತ್ತದೆ. ಹತ್ತು ಗಾಡಿ ನಿಲ್ಲುವ ಕಡೆ ಕ್ಲೋರಿನ್ ಹಾಕಿದ ನೀರಿನ ಒಂದು ನಲ್ಲಿ, ಪ್ಲೇಟು ತೊಳೆದ ನೀರು ಹರಿದುಹೋಗಲು ಒಂದು ಗಟಾರ, ಕೈ ತೊಳೆಯಲು ಸಾಬೂನು ಇದ್ದರೆ ಮೇಲೆ ಹೇಳಿದ ರೋಗಗಳಲ್ಲಿ ಬಹಳಷ್ಟು ಅಲ್ಲೇ ನಿಲ್ಲುತ್ತವೆ. ವಾರ್ಡಿನ ಸದಸ್ಯರು ಮತ ಕೇಳಲು ಬಂದಾಗ ಆ ನಲ್ಲಿಯನ್ನು ಕೇಳಿ.