ಒಮ್ಮೆ ಹೂತು ಮುಗಿಯುವ ಗಿಡ

ತುರ್ವಿಹಾಳದ ಸೀಮೆಯಲ್ಲಿ ಎರಡು ಬಗೆಯ ಬೇಸಾಯವುಂಟು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ತಲುಪುವೆಡೆ ಭತ್ತದ ಗದ್ದೆ. ತಲುಪದೆಡೆ ಮಳೆಯನ್ನೇ ನೆಚ್ಚಿದ ಎರೆಹೊಲ. ನೀರಿನ ಭರವಸೆಯುಳ್ಳವನು ಈ ಬೆಳೆ ಕೈಕೊಟ್ಟರೆ ಮುಂದಿನದನ್ನು ನೋಡೋಣವೆಂದು ಕಾಯಬಲ್ಲ. ಮಳೆ ನಂಬಿದವನು ಹದ ಕೂಡಿಬಂದ ದಿನವೇ ಇದ್ದ ಬೀಜವನ್ನೆಲ್ಲ ಬಿತ್ತಿಬಿಡಬೇಕು. ಇಂಥದೇ ಲೆಕ್ಕಾಚಾರ ದೂರದ ಪರ್ವತವೊಂದರ ಹೂಗಿಡಗಳಲ್ಲಿಯೂ ಕಾಣುತ್ತದೆ.

ಆ ಗಿಡಗಳ ಬಂಧುವೊಂದು ನಮ್ಮ ನಾಡಿನಲ್ಲೇ ಇದೆ. ಬಾಬಾಬುಡನ್‌ಗಿರಿ, ಕೊಡಗುಗಳ ಬೆಟ್ಟಗಳಲ್ಲಿ ಆಳೆತ್ತರ ಮೀರಿ ಬೆಳೆದು, ತುದಿಯಲ್ಲಿ ಬೆಳ್ಳನೆಯ ಹೂಗಳ ನೀಳಗೊನೆ ಹೊರುವ ಕಾಡುಹೊಗೆಸೊಪ್ಪು ಅದು. ಹೆಸರಿನಲ್ಲಿ ಹೊಗೆಸೊಪ್ಪಿದ್ದರೂ ಕುಲ ಬೇರೆ. ಸಸ್ಯಶಾಸ್ತ್ರದಲ್ಲಿ ಅದು ಲೊಬೇಲಿಯ. ಅದರ ದೈತ್ಯ ದಾಯಾದಿಗಳು ಪೂರ್ವ ಆಫ್ರಿಕದ ಕೀನ್ಯ ಪರ್ವತದ ಮೇಲಿವೆ. ಭೂಮಧ್ಯರೇಖೆಯ ಸನಿಹದಲ್ಲಿ 5,199 ಮೀಟರ್ ಎತ್ತರಕ್ಕೇರಿದ ಆ ಪರ್ವತದಲ್ಲಿ ಪ್ರತಿ ಹಗಲೂ ಬೇಸಿಗೆ, ಪ್ರತಿ ಇರುಳೂ ಕಡುಚಳಿ.

ಅಲ್ಲಿನ ಎರಡು ಲೊಬೇಲಿಯಗಳನ್ನು ಹೋಲಿಸಿ ನೋಡೋಣ. ತೇವವುಳ್ಳ ಕಣಿವೆಗಳಲ್ಲಿ ಬೆಳೆಯುವುದು ಕೀನಿಯೆನ್ಸಿಸ್. ಅದರ ಎಲೆಗಳು ಬಟ್ಟಲಿನಂತೆ ಕೂಡಿ ನೀರನ್ನು ಹಿಡಿದಿಡುತ್ತವೆ. ಇರುಳಿನಲ್ಲಿ ಮೇಲ್ಪದರ ಹೆಪ್ಪುಗಟ್ಟಿದರೂ ಕೆಳಗಿನ ನೀರಿನಲ್ಲಿ ಎಳೆಮೊಗ್ಗು ಸುರಕ್ಷಿತ. ಒಂದೇ ಗಿಡಕ್ಕೆ ಇಂತಹ ಹಲವು ಬಟ್ಟಲುಗಳು. ಹೂತದ್ದು ಸತ್ತರೆ ಉಳಿದವು ಬದುಕುತ್ತವೆ.

ಒಣ ಇಳಿಜಾರುಗಳಲ್ಲಿರುವುದು ಟೆಲೆಕಿ; 1887ರಲ್ಲಿ ಆ ಪರ್ವತವನ್ನೇರಿದ ಹಂಗೇರಿಯ ಪ್ರವಾಸಿ ಟೆಲೆಕಿಯ ಹೆಸರು ಅದಕ್ಕೆ. ಸಾಮಾನ್ಯವಾಗಿ ಅದಕ್ಕೆ ಒಂದೇ ಬಟ್ಟಲು. ಹಲವು ದಶಕಗಳ ಕಾಲ ಕೂಡಿಟ್ಟು, ಕೊನೆಗೊಮ್ಮೆ ಉಣ್ಣೆ ಹೊದ್ದಂತಹ ಆಳೆತ್ತರದ ಹೂಗೊನೆಯನ್ನೆತ್ತುತ್ತದೆ. ಬೀಜ ಉದುರಿಸಿ ಸಾಯುತ್ತದೆ.

ಒಂದು ಉಳಿಸಿಕೊಳ್ಳುತ್ತದೆ, ಇನ್ನೊಂದು ಎಲ್ಲವನ್ನೂ ಸುರಿದುಬಿಡುತ್ತದೆ, ಏಕೆ? ಅಮೆರಿಕದ ಟ್ರೂಮನ್ ಯಂಗ್ ಎಂಬ ವಿಜ್ಞಾನಿ ಈ ಗಿಡಗಳನ್ನು ವರ್ಷಗಟ್ಟಲೆ ಗಮನಿಸಿ, 1984 ಮತ್ತು 1990ರ ಲೇಖನಗಳಲ್ಲಿ ವಿವರಣೆ ಕೊಟ್ಟರು. ನೆಲ ಒಣಗಿದಷ್ಟೂ ಎರಡು ಹೂಬಿಡುವಿಕೆಗಳ ನಡುವಿನ ಅಂತರ ಹಿಗ್ಗುತ್ತದೆ. ಅಲ್ಲಿಯವರೆಗೆ ಬದುಕುಳಿಯುವ ಸಂಭವ ಕುಗ್ಗುತ್ತದೆ. ಅಂತಹ ನೆಲದಲ್ಲಿ ನಾಳೆಗೆಂದು ಉಳಿಸಿದ್ದು ನಷ್ಟವೇ. ಗಿಡವೇನೂ ಲೆಕ್ಕ ಹಾಕುವುದಿಲ್ಲ. ಎಲ್ಲವನ್ನೂ ಬೀಜಕ್ಕೆ ಸುರಿದವುಗಳ ಸಂತಾನ ಹೆಚ್ಚು ಉಳಿಯಿತು, ಅಷ್ಟೆ.

ಆದರೆ ಈ ಬಾಳಿನಲ್ಲೊಂದು ಅಪಾಯವುಂಟು. ಹೂಬಿಡುವ ಮುನ್ನ ಟೆಲೆಕಿಯನ್ನು ಕಡಿದರೆ ದಶಕಗಳ ಗಳಿಕೆ ಒಂದು ಬೀಜವನ್ನೂ ಬಿಡದೆ ಮಣ್ಣುಪಾಲು. ನಮ್ಮ ಬದುಗಳ ಕತ್ತಾಳೆಯೂ ವರ್ಷಗಟ್ಟಲೆ ಕೂಡಿಟ್ಟು, ಒಮ್ಮೆ ಹೂಗೋಲೆತ್ತಿ ಸಾಯುವಂಥದೇ. ಆದರೆ ಅದರ ಬುಡದಲ್ಲಿ ಮರಿಗಳಿರುತ್ತವೆ. ಟೆಲೆಕಿಗೆ ಆ ಆಸರೆಯಿಲ್ಲ. ಅದರ ನಾಳೆಯೆಲ್ಲ ಇರುವುದು ಆ ಒಂದು ಹೂಗೊನೆಯಲ್ಲಿ.