ವಾರಂಟಿ ಇದ್ದರೆ ಎಲ್ಲಾ ಫ್ರೀನಾ? ಕೆಟ್ಟ ಯಂತ್ರ, ಕಂಪನಿಯ ಮಾತು ಮತ್ತು ನಮ್ಮ ಹಕ್ಕು

ಫ್ರಿಜ್ ಕೊಂಡು ಹದಿನಾಲ್ಕು ತಿಂಗಳಾಗಿದೆ, ಕೂಲಿಂಗ್ ನಿಂತಿದೆ. "ಹತ್ತು ವರ್ಷ ವಾರಂಟಿ ಇದೆಯಲ್ಲ" ಎಂಬ ಧೈರ್ಯದಿಂದ ಕಂಪ್ಲೇಂಟ್ ಕೊಡುತ್ತೇವೆ. ಬಂದ ಟೆಕ್ನಿಷಿಯನ್ ಹಿಂಭಾಗ ಬಿಚ್ಚಿ ನೋಡಿ, "ಹತ್ತು ವರ್ಷ ಕಂಪ್ರೆಸರ್‌ಗೆ ಮಾತ್ರ, ನಿಮ್ಮದು ಬೋರ್ಡ್ ಹೋಗಿದೆ" ಎಂದು ಸಾವಿರಾರು ರೂಪಾಯಿಯ ಎಸ್ಟಿಮೇಟ್ ಕೊಡುತ್ತಾರೆ. ಇದು ಮೋಸವೇ? ಅಥವಾ ನಾವೇ ಸರಿಯಾಗಿ ಓದಿರಲಿಲ್ಲವೇ? ವಾರಂಟಿ ಬಗ್ಗೆ ಮನೆಮನೆಯಲ್ಲೂ ಇರುವ ಕೆಲವು ನಂಬಿಕೆಗಳನ್ನು ಒಂದೊಂದಾಗಿ ಪರೀಕ್ಷಿಸೋಣ.

ಉದಾಹರಣೆಗೆ ಬೆಂಗಳೂರಿನ ಮಾವಳ್ಳಿಯನ್ನೇ ತೆಗೆದುಕೊಳ್ಳೋಣ. ಎಂ.ಟಿ.ಆರ್. ಹೆಸರಿನ ಮೊದಲ ಅಕ್ಷರ ಇದೇ ಮಾವಳ್ಳಿಯದು. ಇಲ್ಲಿಂದ ಜೆ.ಸಿ. ರಸ್ತೆ ಹಿಡಿದು ಟೌನ್ ಹಾಲ್ ಕಡೆಗೆ ಹೋದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆ ಹತ್ತಿರ. ಇನ್ನೊಂದು ದಿಕ್ಕಿಗೆ ಹೋದರೆ ಗ್ರಾಹಕರ ದೂರು ಕೇಳುವ ಆಯೋಗಗಳಿರುವ ಶಾಂತಿನಗರವೂ ಹತ್ತಿರವೇ. ಕೊಳ್ಳುವ ಜಾಗಕ್ಕೆ ದಾರಿ ಎಲ್ಲರಿಗೂ ಗೊತ್ತು. ದೂರು ಕೊಡುವ ಜಾಗದ ದಾರಿ ತಿಳಿದವರು ಕಡಿಮೆ.

ವಾರಂಟಿ ಎಂದರೆ ನಿಜಕ್ಕೂ ಏನು?

"ಗ್ಯಾರಂಟಿ ಅಂದರೆ ಹೊಸದು ಕೊಡ್ತಾರೆ, ವಾರಂಟಿ ಅಂದರೆ ರಿಪೇರಿ ಮಾಡ್ತಾರೆ" ಎಂಬ ಮಾತು ಅಂಗಡಿಗಳಲ್ಲಿ ಕೇಳಿಬರುತ್ತದೆ. ಎರಡೂ ಪದಗಳು ಹಳೆಯ ಫ್ರೆಂಚ್ ಭಾಷೆಯ ಒಂದೇ ಪದದ ಎರಡು ರೂಪಗಳು. ಕಾರ್ಡಿನ ಮೇಲೆ ಯಾವ ಪದವಿದೆ ಎನ್ನುವುದಕ್ಕಿಂತ ಒಳಗೆ ಏನು ಬರೆದಿದೆ ಎನ್ನುವುದು ಮುಖ್ಯ. ವಾರಂಟಿ ಎಂದರೆ ಒಂದು ಕರಾರು. ಯಾವ ಭಾಗಕ್ಕೆ, ಎಷ್ಟು ದಿನ, ಯಾವ ಕಾರಣದಿಂದ ಕೆಟ್ಟರೆ ಕಂಪನಿ ಹೊಣೆ ಹೊರುತ್ತದೆ ಎಂಬುದಷ್ಟೇ ಅದರಲ್ಲಿರುತ್ತದೆ.

ಬಹಳಷ್ಟು ವಸ್ತುಗಳಿಗೆ ಒಂದೇ ವರ್ಷ ಏಕೆ? ಯಂತ್ರಗಳು ಕೆಡುವ ಪ್ರಮಾಣವನ್ನು ಗೆರೆ ಎಳೆದು ತೋರಿಸಿದರೆ ಅದು ಸ್ನಾನದ ತೊಟ್ಟಿಯ ಆಕಾರದಲ್ಲಿರುತ್ತದೆ ಎನ್ನುತ್ತಾರೆ ಎಂಜಿನಿಯರುಗಳು. ತಯಾರಿಕೆಯ ದೋಷವಿರುವ ಯಂತ್ರಗಳು ಶುರುವಿನಲ್ಲೇ ಕೈಕೊಡುತ್ತವೆ, ಹಾಗಾಗಿ ಗೆರೆ ಮೊದಲು ಎತ್ತರದಲ್ಲಿರುತ್ತದೆ. ನಂತರ ಹಲವು ವರ್ಷ ತಗ್ಗಿನಲ್ಲಿ ಸಾಗುತ್ತದೆ. ಭಾಗಗಳು ಸವೆದಾಗ ಮತ್ತೆ ಏರುತ್ತದೆ. ವಾರಂಟಿ ಮುಖ್ಯವಾಗಿ ಮೊದಲ ಏರಿನ ದೋಷಗಳಿಗಾಗಿ ಇರುವುದು, ಕೊನೆಯ ಸವಕಳಿಗಲ್ಲ.

ನಂಬಿಕೆ 1: ಹತ್ತು ವರ್ಷ ಎಂದರೆ ಇಡೀ ಯಂತ್ರಕ್ಕೆ ಹತ್ತು ವರ್ಷ

ಸಾಮಾನ್ಯವಾಗಿ ಅಲ್ಲ. ಫ್ರಿಜ್ ಮತ್ತು ಎಸಿಯಲ್ಲಿ ದೊಡ್ಡ ಅಕ್ಷರದ "10 ವರ್ಷ" ಕಂಪ್ರೆಸರ್‌ಗೆ, ವಾಷಿಂಗ್ ಮೆಷಿನ್ನಿನಲ್ಲಿ ಮೋಟಾರಿಗೆ. ಗೀಸರಿನಲ್ಲಿ ಟ್ಯಾಂಕಿಗೆ ಹೆಚ್ಚು ವರ್ಷ, ಒಳಗಿನ ಎಲಿಮೆಂಟಿಗೆ ಕಡಿಮೆ. ಕಂಪ್ರೆಸರ್ ಉಚಿತವಾಗಿ ಸಿಕ್ಕರೂ ಗ್ಯಾಸ್ ತುಂಬುವ ಖರ್ಚು, ಸಾಗಣೆ ಮತ್ತು ಕೂಲಿ ನಮ್ಮ ತಲೆಗೇ ಬರಬಹುದು. ಅಂಗಡಿಯಲ್ಲಿ "ಎಷ್ಟು ವರ್ಷ?" ಎಂದು ಕೇಳಿ ಸುಮ್ಮನಾಗಬೇಡಿ. "ಯಾವ ಭಾಗಕ್ಕೆ, ಯಾವ ಖರ್ಚು ಸೇರಿ?" ಎಂದೂ ಕೇಳಿ.

ಗಡುವು ಶುರುವಾಗುವುದು ಯಾವ ದಿನದಿಂದ ಎಂಬುದನ್ನೂ ನೋಡಿಕೊಳ್ಳಿ. ಬೇರೆಯವರು ಬಂದು ಜೋಡಿಸಬೇಕಾದ ವಸ್ತುಗಳಿಗೆ ಕೊಂಡ ದಿನದ ಬದಲು ಜೋಡಿಸಿದ ದಿನದಿಂದ ವಾರಂಟಿ ಶುರುಮಾಡಿ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲಿ ಕಂಪನಿಗಳಿಗೆ ಪತ್ರ ಬರೆದಿತ್ತು. ಅದು ಕೋರಿಕೆಯಷ್ಟೇ. ನಿಮ್ಮ ಕಾರ್ಡಿನಲ್ಲಿ ಯಾವ ದಿನ ಎಂದಿದೆ ಎಂಬುದನ್ನು ನೀವೇ ಓದಬೇಕು. ಇನ್‌ಸ್ಟಲೇಷನ್ ಮಾಡಿದವರ ಚೀಟಿಯನ್ನೂ ಜೋಪಾನ ಮಾಡಿ.

ನಂಬಿಕೆ 2: ಬಿಲ್ ಬೀರುವಿನಲ್ಲಿದೆ, ಇನ್ನೇನು ಚಿಂತೆ?

ಬಿಲ್ ಇದೆ, ಆದರೆ ಅದರ ಮೇಲೆ ಅಕ್ಷರ ಇದೆಯೇ? ಅಂಗಡಿಯ ಸಣ್ಣ ಯಂತ್ರದಿಂದ ಬರುವ ನುಣುಪಾದ ಬಿಲ್ಲಿನಲ್ಲಿ ಶಾಯಿಯೇ ಇರುವುದಿಲ್ಲ. ಅದು ಥರ್ಮಲ್ ಪೇಪರ್. ಕಾಗದಕ್ಕೆ ಮೊದಲೇ ಬಣ್ಣವಿಲ್ಲದ ಒಂದು ರಾಸಾಯನಿಕ ಮತ್ತು ಆಮ್ಲದ ಗುಣದ ಇನ್ನೊಂದು ರಾಸಾಯನಿಕ ಬಳಿದಿರುತ್ತಾರೆ. ಪ್ರಿಂಟರಿನ ಬಿಸಿ ತಾಗಿದ ಜಾಗದಲ್ಲಿ ಎರಡೂ ಕರಗಿ, ಬೆರೆತು, ಕಪ್ಪಾಗುತ್ತವೆ. ಈ ಬಣ್ಣ ಗಟ್ಟಿಯಲ್ಲ. ಬಿಸಿಲು, ಬಿಸಿ, ಕೈಯ ಎಣ್ಣೆ ತಗುಲಿದರೆ ಮಾಸುತ್ತದೆ. ಜೋಪಾನವೆಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟರೆ, ಪ್ಲಾಸ್ಟಿಕ್ ಮೆದುವಾಗಿರಲು ಬೆರೆಸಿದ ರಾಸಾಯನಿಕಗಳೂ ಅಕ್ಷರವನ್ನು ಅಳಿಸಬಲ್ಲವು. ಒಂದು ವರ್ಷ ಕಳೆದು ತೆಗೆದರೆ ಕೈಗೆ ಬರುವುದು ಖಾಲಿ ಕಾಗದ.

ಪರಿಹಾರ ಸುಲಭ. ಕೊಂಡ ದಿನವೇ ಬಿಲ್ಲಿನ ಫೋಟೋ ತೆಗೆದು ನಿಮ್ಮ ಇಮೇಲಿಗೆ ಕಳಿಸಿಕೊಳ್ಳಿ, ಒಂದು ಜೆರಾಕ್ಸ್ ಮಾಡಿಸಿ. ಬಿಲ್ಲಿನಲ್ಲಿ ಮಾಡೆಲ್ ಮತ್ತು ಸೀರಿಯಲ್ ನಂಬರ್ ಬರೆಸಿ. ಯಂತ್ರದ ಹಿಂದಿನ ಸ್ಟಿಕ್ಕರಿನ ಫೋಟೋ ಕೂಡ ಇರಲಿ. ಹೆಚ್ಚಿನ ಕಂಪನಿಗಳು ಕೊಂಡ ದಿನಾಂಕಕ್ಕೆ ಕೇಳುವ ಸಾಕ್ಷಿ ಬಿಲ್ಲೇ. "ಬಿಲ್ ಬೇಡ ಅಂದರೆ ಸ್ವಲ್ಪ ಕಡಿಮೆ ಮಾಡಿಕೊಡ್ತೀವಿ" ಎನ್ನುವ ಮಾತಿಗೆ ಒಪ್ಪಿದರೆ ಉಳಿಯುವುದು ತೆರಿಗೆಯ ಹಣ, ಹೋಗುವುದು ಪೂರ್ತಿ ವಾರಂಟಿ.

ನಂಬಿಕೆ 3: ಸ್ಟಿಕ್ಕರ್ ಹರಿದರೆ ವಾರಂಟಿ ಸತ್ತಿತು

ಅಮೆರಿಕದಲ್ಲಿ 1975ರ ವಾರಂಟಿ ಕಾಯ್ದೆ ಇದೆ. ಹೊರಗಿನವರಿಂದ ರಿಪೇರಿ ಮಾಡಿಸಿದಿರಿ ಎಂಬ ಒಂದೇ ಕಾರಣಕ್ಕೆ ಅಲ್ಲಿ ವಾರಂಟಿ ರದ್ದು ಮಾಡುವಂತಿಲ್ಲ. ಆ ರಿಪೇರಿಯಿಂದಲೇ ಹಾನಿಯಾಯಿತು ಎಂದು ಕಂಪನಿ ತೋರಿಸಬೇಕು. 2018ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಇಂಥ ಸ್ಟಿಕ್ಕರ್ ಮತ್ತು ಷರತ್ತುಗಳ ವಿಷಯವಾಗಿ ಆರು ಕಂಪನಿಗಳಿಗೆ ಎಚ್ಚರಿಕೆ ಕೊಟ್ಟಿತ್ತು.

ನಮ್ಮಲ್ಲಿ ಅಷ್ಟು ನೇರವಾದ ಕಾಯ್ದೆ ಇಲ್ಲ. 2022ರ ಡಿಸೆಂಬರ್ 24ರಂದು ಕೇಂದ್ರ ಸರ್ಕಾರ 'ರೈಟ್ ಟು ರಿಪೇರ್' ಪೋರ್ಟಲ್ ಶುರುಮಾಡಿದೆ. ಕಂಪನಿಗಳ ಸರ್ವಿಸ್, ಬಿಡಿಭಾಗ ಮತ್ತು ವಾರಂಟಿಯ ಮಾಹಿತಿ ಒಂದೇ ಕಡೆ ಸಿಗಲಿ ಎಂಬುದು ಅದರ ಉದ್ದೇಶ. ಆದ್ದರಿಂದ ಇಲ್ಲಿ ಬುದ್ಧಿವಂತಿಕೆಯ ದಾರಿ ಒಂದೇ: ಗಡುವಿನೊಳಗೆ ಇರುವ ಯಂತ್ರವನ್ನು ನೀವೂ ಬಿಚ್ಚಬೇಡಿ, ಪಕ್ಕದ ಬೀದಿಯ ಮೆಕ್ಯಾನಿಕ್‌ಗೂ ಕೊಡಬೇಡಿ. ಗಡುವು ಮುಗಿದ ಮೇಲೆ ಅವರೇ ಅಗ್ಗ, ಅವರೇ ಹತ್ತಿರ.

ನಂಬಿಕೆ 4: ಟೆಕ್ನಿಷಿಯನ್ ಹೇಳಿದ್ದೇ ಕೊನೆಯ ಮಾತು

"ವೋಲ್ಟೇಜ್ ಪ್ರಾಬ್ಲಂ, ವಾರಂಟಿ ಬರಲ್ಲ." "ಬೋರ್‌ವೆಲ್ ನೀರು, ವಾರಂಟಿ ಬರಲ್ಲ." "ನೀರು ಒಳಗೆ ಹೋಗಿದೆ, ವಾರಂಟಿ ಬರಲ್ಲ." ಹೆಚ್ಚಿನ ತಕರಾರು ಹುಟ್ಟುವುದು ಈ ಮೂರು ಮಾತುಗಳಿಂದ. ಮೂರರಲ್ಲೂ ಸ್ವಲ್ಪ ಸತ್ಯವಿದೆ, ಆದರೆ ಮೂರನ್ನೂ ಪರೀಕ್ಷಿಸಿ ನೋಡಬಹುದು.

ನಮ್ಮ ಮನೆಗಳಿಗೆ ಬರಬೇಕಾದದ್ದು 230 ವೋಲ್ಟ್. ಅದು ಹಠಾತ್ತನೆ ಏರಿದರೆ ಬೋರ್ಡು ಸುಡುವುದು ನಿಜ. ಆದರೆ "ವೋಲ್ಟೇಜ್" ಎನ್ನುವವರು ಅಳೆದಿದ್ದಾರೆಯೇ? ಸುಟ್ಟ ಭಾಗ ಯಾವುದು? ಬರೆದುಕೊಡಿ ಎಂದು ಕೇಳಿ. ಬೀದಿಯಲ್ಲಿ ವೋಲ್ಟೇಜ್ ಏರಿಳಿತವಿದ್ದರೆ ಬೆಸ್ಕಾಂನ 1912ಕ್ಕೆ ದೂರು ಕೊಟ್ಟು ದೂರಿನ ಸಂಖ್ಯೆ ಬರೆದಿಡಿ. ಹಳೆಯ ಮನೆಗಳಲ್ಲಿ ಪ್ಲಗ್ಗಿಗೆ ಅರ್ಥಿಂಗ್ ಇದೆಯೇ ಎಂದು ಯಂತ್ರ ಬರುವ ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸುವುದು ಒಳ್ಳೆಯದು.

ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬಿಸಿಯಾದಾಗ ಎಲಿಮೆಂಟಿನ ಮೇಲೆ ಬಿಳಿ ಪದರವಾಗಿ ಕೂರುತ್ತವೆ. ಒಳಗಿನ ಬಿಸಿ ಹೊರಗೆ ಹೋಗದೆ ಎಲಿಮೆಂಟ್ ಸುಡುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಕಾರ್ಡಿನಲ್ಲಿ ಗಡಸುತನದ ಮಿತಿ ಬರೆದಿದ್ದರೆ ನಿಮ್ಮ ನೀರನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಬಹುದು. ಆಗ ಬಾಯಿಮಾತಿನ ಜಾಗಕ್ಕೆ ಅಂಕಿ ಬರುತ್ತದೆ.

ಫೋನಿನ ಒಳಗೆ ನೀರು ತಾಗಿದರೆ ಕೆಂಪಾಗುವ ಪುಟ್ಟ ಪಟ್ಟಿ ಇರುತ್ತದೆ. ಐಪಿ67 ಎಂದರೆ ಒಂದು ಮೀಟರ್ ಆಳದ ಸಿಹಿ ನೀರಿನಲ್ಲಿ ಅರ್ಧ ಗಂಟೆ ಎಂಬ ಲ್ಯಾಬಿನ ಪರೀಕ್ಷೆ. ಹಾಗೆಂದು ನೀರಿನಿಂದಾದ ಹಾನಿ ವಾರಂಟಿಗೆ ಸೇರುತ್ತದೆ ಎಂದಲ್ಲ. ಹಲವು ಕಂಪನಿಗಳು ಅದನ್ನು ಹೊರಗಿಟ್ಟಿರುತ್ತವೆ.

ನಂಬಿಕೆ 5: ಕೆಟ್ಟರೆ ಹೊಸದನ್ನೇ ಕೊಡಬೇಕು

2006ರಲ್ಲಿ ಸುಪ್ರೀಂ ಕೋರ್ಟ್ ಮಾರುತಿ ಉದ್ಯೋಗ್ ಕಂಪನಿಯ ಕಾರೊಂದರ ಪ್ರಕರಣದಲ್ಲಿ ಇದನ್ನು ವಿಚಾರಿಸಿತು. ವಾರಂಟಿಯಲ್ಲಿ ದೋಷವಿರುವ ಭಾಗವನ್ನು ರಿಪೇರಿ ಮಾಡುವ ಅಥವಾ ಬದಲಿಸುವ ಮಾತಿದ್ದರೆ, ಇಡೀ ಕಾರು ಬದಲಿಸಿ ಎನ್ನಲಾಗದು ಎಂದಿತು. ಫ್ರಿಜ್, ಟಿವಿಗೂ ಇದೇ ತರ್ಕ. ಆದರೆ ಒಂದೇ ದೋಷ ಮತ್ತೆ ಮತ್ತೆ ಬರುತ್ತಿದ್ದರೆ ವಿಷಯ ಬೇರೆ. ಆಗ ನಿಮ್ಮ ಕೈಯಲ್ಲಿರುವ ಪ್ರತಿ ಭೇಟಿಯ ಜಾಬ್ ಶೀಟ್ ದೊಡ್ಡ ಸಾಕ್ಷಿಯಾಗುತ್ತದೆ.

ಕ್ಲೇಮ್ ಮಾಡುವ ಕ್ರಮ

1. ದೋಷ ಕಂಡ ದಿನವೇ ವೀಡಿಯೋ ಮಾಡಿ. ಶಬ್ದ, ಸೋರಿಕೆ, ಪರದೆಯ ಮೇಲಿನ ಎರರ್ ಕೋಡ್ ಎಲ್ಲವೂ ಇರಲಿ.
2. ಕಸ್ಟಮರ್ ಕೇರ್ ನಂಬರನ್ನು ಕಾರ್ಡಿನಿಂದ ಅಥವಾ ಕಂಪನಿಯ ವೆಬ್‌ಸೈಟಿನಿಂದಲೇ ತೆಗೆದುಕೊಳ್ಳಿ. ಗೂಗಲ್‌ನಲ್ಲಿ ಹುಡುಕಿದಾಗ ವಂಚಕರ ನಂಬರೂ ಬರುತ್ತದೆ. "ಹತ್ತು ರೂಪಾಯಿ ಕಳಿಸಿ, ಈ ಆಪ್ ಹಾಕಿಕೊಳ್ಳಿ" ಎಂದರೆ ಫೋನ್ ಇಡಿ. ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ.
3. ಕಂಪ್ಲೇಂಟ್ ನಂಬರ್ ಪಡೆಯಿರಿ. ಗಡುವು ಮುಗಿಯಲು ಎರಡು ದಿನ ಇದ್ದರೂ ಇಂದೇ ಕೊಡಿ. ಗಡುವಿನೊಳಗೆ ದೂರು ಕೊಟ್ಟಿದ್ದಕ್ಕೆ ಅದೇ ದಾಖಲೆ.
4. ಟೆಕ್ನಿಷಿಯನ್ ಬಂದು ಹೋಗುವಾಗ ದೋಷದ ಕಾರಣ ಬರೆದ ಜಾಬ್ ಶೀಟ್ ಕೇಳಿ. ಓದದೆ ಸಹಿ ಹಾಕಬೇಡಿ. ಸರಿಯಾಗದ ಯಂತ್ರಕ್ಕೆ "ಕೆಲಸ ಮುಗಿದಿದೆ" ಎಂದು ಒಟಿಪಿ ಹೇಳಬೇಡಿ.
5. ಆಗುವುದಿಲ್ಲ ಎಂದರೆ ಯಾವ ಷರತ್ತಿನ ಪ್ರಕಾರ ಎಂದು ಇಮೇಲಿನಲ್ಲಿ ಉತ್ತರ ಕೇಳಿ.

ಕಂಪನಿ ಒಪ್ಪದಿದ್ದರೆ?

ಮೊದಲು 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು. ಅವರಿಗೆ ಆದೇಶ ಮಾಡುವ ಅಧಿಕಾರವಿಲ್ಲ, ಆದರೆ ನಿಮ್ಮ ದೂರನ್ನು ಕಂಪನಿಯ ಮುಂದಿಡುತ್ತಾರೆ. ಎಷ್ಟೋ ಸಲ ಅಷ್ಟರಲ್ಲೇ ಕೆಲಸ ಆಗುತ್ತದೆ.

ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ನೀವು ವಾಸವಿರುವ ಊರಿನಲ್ಲೇ ದೂರು ಕೊಡಬಹುದು, ಕಂಪನಿಯ ಕಚೇರಿ ದೆಹಲಿಯಲ್ಲಿದ್ದರೂ ಸರಿ. ಬೆಂಗಳೂರಿನವರಿಗೆ ಆಯೋಗ ಇರುವುದು ಶಾಂತಿನಗರದ ಬಿಎಂಟಿಸಿ ಕಟ್ಟಡದಲ್ಲಿ. ಇ-ಜಾಗೃತಿ ಪೋರ್ಟಲ್ ಮೂಲಕ ಮನೆಯಿಂದಲೂ ಸಲ್ಲಿಸಬಹುದು. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ವಕೀಲರು ಬೇಕೇಬೇಕೆಂದಿಲ್ಲ. ತಕರಾರು ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬೇಕು.

ದೋಷ ಇದೆಯೋ ಇಲ್ಲವೋ ಎಂಬುದು ನೋಡಿದರೆ ತಿಳಿಯದಿದ್ದಾಗ ಆಯೋಗ ಯಂತ್ರವನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ಕಾಯ್ದೆಯಲ್ಲಿ ವರದಿಗೆ 45 ದಿನದ ಗಡುವಿದೆ. ಪರೀಕ್ಷೆಯ ಖರ್ಚನ್ನು ಮೊದಲು ದೂರುದಾರರೇ ಕಟ್ಟಬೇಕಾಗಬಹುದು. ಪರೀಕ್ಷೆ ಬೇಡದ ಪ್ರಕರಣಗಳನ್ನು ಮೂರು ತಿಂಗಳಲ್ಲಿ, ಬೇಕಾದವನ್ನು ಐದು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಎನ್ನುತ್ತದೆ ಕಾಯ್ದೆ. ವಾಸ್ತವದಲ್ಲಿ ಇದಕ್ಕಿಂತ ತಡವಾಗಬಹುದು. ಆದ್ದರಿಂದ ಎರಡು ಸಾವಿರದ ಮಿಕ್ಸಿಗೆ 1915ರಲ್ಲೇ ಬಗೆಹರಿದರೆ ಲೇಸು, ನಲವತ್ತು ಸಾವಿರದ ಫ್ರಿಜ್ಜಿಗೆ ಆಯೋಗದ ಮೆಟ್ಟಿಲು ಹತ್ತುವುದು ದಂಡವಲ್ಲ.

"ಮಾರಿದ ಮಾಲು ವಾಪಸಿಲ್ಲ" ಎಂದು ಬಿಲ್ಲಿನ ಕೆಳಗೆ ಅಚ್ಚಾಗಿದ್ದರೆ ಹೆದರಬೇಡಿ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳದಿದ್ದರೆ 30 ದಿನಗಳಲ್ಲಿ ವಾಪಸು ಪಡೆದು ಹಣ ಕೊಡಲು ನಿರಾಕರಿಸುವುದನ್ನು ಈ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದೇ ಹೆಸರಿಸಿದೆ. ಬಿಲ್ ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ.

ಒಟ್ಟಿನಲ್ಲಿ, ವಾರಂಟಿ ಕಂಪನಿ ಮಾಡುವ ಉಪಕಾರವಲ್ಲ, ಎಲ್ಲವನ್ನೂ ಕಾಯುವ ರಕ್ಷೆಯೂ ಅಲ್ಲ. ನಾವು ಹಣ ಕೊಟ್ಟು ಕೊಂಡ ಒಂದು ಕರಾರು. ಅದು ನಮಗೆ ದಕ್ಕುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಯಂತ್ರ ಕೊಂಡ ದಿನವೇ ತೀರ್ಮಾನವಾಗಿರುತ್ತದೆ. ಇವತ್ತೇ ಬೀರು ತೆಗೆದು ಬಿಲ್ಲುಗಳನ್ನು ನೋಡಿ. ಅಕ್ಷರ ಇನ್ನೂ ಕಾಣುತ್ತಿದ್ದರೆ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.